ಚೆಕ್‌ಸಮ್ ದೋಷ ಕಂಡಾಗ ಡಿಸ್ಕ್ ಕೀಳುವ ಮುನ್ನ: ಸ್ಟೋರೇಜ್ ಸರ್ವರ್ ದುರಸ್ತಿಗೊಂದು ಸಮಗ್ರ ಮಾರ್ಗದರ್ಶಿ

ಸರ್ವರ್‌ನಲ್ಲಿ ಚೆಕ್‌ಸಮ್ ದೋಷ, ಅಂದರೆ ಬರೆದಿಟ್ಟ ಡೇಟಾ ಓದುವಾಗ ತಾಳೆಯಾಗದ ದೋಷ, ಕಂಡ ಕೂಡಲೇ ತುಮಕೂರಿನಲ್ಲಿ ಹೆಚ್ಚಿನವರು ಮಾಡುವ ಕೆಲಸ ಒಂದೇ. ಬೆಳಗಿನ ರೈಲು ಹತ್ತಿ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಹೊಸ ಹಾರ್ಡ್ ಡಿಸ್ಕ್ ತರುವುದು, ಸಂಜೆ ಹಳೆಯದನ್ನು ಕಿತ್ತು ಹೊಸದನ್ನು ಕೂರಿಸುವುದು. ಕೆಲವೊಮ್ಮೆ ಅದೇ ಸರಿಯಾದ ಮದ್ದು. ಆದರೆ ಕೆಟ್ಟಿರುವುದು ಕೇಬಲ್, ಪವರ್ ಸಪ್ಲೈ ಅಥವಾ ಮೆಮೊರಿ ಆಗಿದ್ದರೆ ಚೆನ್ನಾಗಿರುವ ಡಿಸ್ಕ್ ಹೊರಗೆ ಹೋಗುತ್ತದೆ, ದೋಷ ಒಳಗೇ ಉಳಿಯುತ್ತದೆ. ಸಾಲದ್ದಕ್ಕೆ ಹೊಸ ಡಿಸ್ಕ್‌ಗೆ ಹಲವು ಟಿಬಿ ಡೇಟಾ ತುಂಬುವ ಕೆಲಸವೂ ಅದೇ ಕೆಟ್ಟ ದಾರಿಯಲ್ಲೇ ನಡೆಯುತ್ತದೆ.

ಬಿ.ಎಚ್. ರಸ್ತೆ, ಅಶೋಕ ರಸ್ತೆ, ಎಸ್.ಎಸ್. ಪುರಂ ಕಡೆಯ ಸ್ಟುಡಿಯೊಗಳು, ಆಡಿಟರ್ ಕಚೇರಿಗಳು, ಕಾಲೇಜುಗಳಲ್ಲಿ ಒಂದು ಮೂಲೆಯಲ್ಲಿ ಸದ್ದು ಮಾಡುತ್ತಾ ಕುಳಿತಿರುವ ನಾಲ್ಕು, ಆರು ಡಿಸ್ಕ್‌ಗಳ ಸರ್ವರ್‌ಗಳನ್ನು ನೋಡಿಕೊಳ್ಳುವವರಿಗಾಗಿ ಇದನ್ನು ಬರೆದಿದ್ದೇನೆ. ಮುಖ್ಯವಾಗಿ ಝಡ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆ ಬಳಸುವ ಸರ್ವರ್‌ಗಳಿಗೆ ಇದು ಅನ್ವಯಿಸುತ್ತದೆ. ಸರ್ವರ್ ಓಡಿಸುವ ತಂತ್ರಾಂಶ ಟ್ರೂನಾಸ್, ಪ್ರಾಕ್ಸ್‌ಮಾಕ್ಸ್, ಉಬುಂಟು ಯಾವುದಾದರೂ ಸರಿ. ಬೇರೆ ಬಗೆಯ ರೇಡ್ (ಹಲವು ಡಿಸ್ಕ್‌ಗಳನ್ನು ಒಂದಾಗಿ ಬಳಸುವ ಜೋಡಣೆ) ಇರುವವರಿಗೆ ಕೊನೆಯ ಕಡೆ ಕೆಲವು ಮಾತುಗಳಿವೆ.

ಆಜ್ಞೆಗಳನ್ನು ಉಚ್ಚಾರಣೆಯಂತೆ ಕನ್ನಡದಲ್ಲಿ ಕೊಟ್ಟಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್‌ನ ಸಣ್ಣಕ್ಷರಗಳಲ್ಲಿ ಟೈಪ್ ಮಾಡಬೇಕು. ದೊಡ್ಡಕ್ಷರ ಬೇಕಾದ ಕಡೆ ಹೇಳಿದ್ದೇನೆ, ಅಲ್ಲಿ ತಪ್ಪಿದರೆ ಅರ್ಥವೇ ಬದಲಾಗುತ್ತದೆ.

ಉದಾಹರಣೆಗೆ ಒಂದು ಮದುವೆ ಫೋಟೊ ಸ್ಟುಡಿಯೊ ಇದೆ ಎಂದುಕೊಳ್ಳೋಣ. 4 ಟಿಬಿಯ ಆರು ಡಿಸ್ಕ್‌ಗಳು, ಎರಡು ಡಿಸ್ಕ್ ಒಟ್ಟಿಗೆ ಹೋದರೂ ತಡೆದುಕೊಳ್ಳುವ ರೇಡ್‌ಝಡ್-2 ಜೋಡಣೆ, ಈ ಡಿಸ್ಕ್‌ಗಳೆಲ್ಲ ಸೇರಿದ ಗುಂಪಿಗೆ, ಅಂದರೆ ಪೂಲ್‌ಗೆ, ಹೆಸರು ‘ಮದುವೆ’.

ದೋಷ ಎಂದರೆ ಏನು ತಿಳಿಯಿತು?

ಝಡ್‌ಎಫ್‌ಎಸ್‌ನ ಕೆಲಸವನ್ನು ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿ ಜೆಫ್ ಬಾನ್ವಿಕ್ ಮತ್ತು ಮ್ಯಾಥ್ಯೂ ಆರೆನ್ಸ್ 2001ರಲ್ಲಿ ಆರಂಭಿಸಿದರು. ಅದರ ಮೂಲ ಯೋಚನೆ ಸರಳ: ಡಿಸ್ಕ್ ಹೇಳಿದ್ದನ್ನೆಲ್ಲ ನಂಬಬಾರದು. ಪ್ರತಿ ಬ್ಲಾಕ್ (ಡೇಟಾದ ತುಂಡು) ಬರೆಯುವಾಗಲೂ ಅದರ ಚೆಕ್‌ಸಮ್, ಅಂದರೆ ಪರೀಕ್ಷಾ ಸಂಖ್ಯೆ, ಲೆಕ್ಕ ಹಾಕಿ, ಅದನ್ನು ಆ ಬ್ಲಾಕ್‌ನ ಜೊತೆಗಲ್ಲದೆ ಅದನ್ನು ತೋರಿಸುವ ಮೇಲಿನ ಬ್ಲಾಕ್‌ನಲ್ಲಿ ಇಡುತ್ತದೆ. ಓದುವಾಗ ಮತ್ತೆ ಲೆಕ್ಕ ಹಾಕಿ ತಾಳೆ ನೋಡುತ್ತದೆ. ತಾಳೆಯಾಗದಿದ್ದರೆ ಉಳಿದ ಡಿಸ್ಕ್‌ಗಳ ನೆರವಿನಿಂದ ಸರಿಯಾದ ಬ್ಲಾಕ್ ಕಟ್ಟಿ, ಕೆಟ್ಟದ್ದರ ಮೇಲೆ ಬರೆದು, ಆ ಡಿಸ್ಕ್‌ನ ದೋಷಗಳ ಲೆಕ್ಕಕ್ಕೆ ಒಂದು ಸೇರಿಸುತ್ತದೆ. ಎಲ್ಲಿಂದಲೂ ಕಟ್ಟಲಾಗದಿದ್ದರೆ ತಪ್ಪು ಡೇಟಾವನ್ನು ನಿಮ್ಮ ಕೈಗಿಡದೆ ‘ಇನ್‌ಪುಟ್ ಔಟ್‌ಪುಟ್ ದೋಷ’ ಎಂದು ಹೇಳಿ, ಆ ಕಡತವನ್ನು ಶಾಶ್ವತ ದೋಷಗಳ ಪಟ್ಟಿಗೆ ಸೇರಿಸುತ್ತದೆ.

ಇಲ್ಲಿ ಒಂದು ಮಿತಿ ಇದೆ. ಡೈರಿಗೆ ಬಂದ ಹಾಲು ನೀರಾಗಿದೆ ಎಂದು ಲ್ಯಾಕ್ಟೋಮೀಟರ್ ಹೇಳುತ್ತದೆ. ನೀರು ಸೇರಿದ್ದು ಮನೆಯಲ್ಲೋ, ಕ್ಯಾನಿನಲ್ಲೋ, ದಾರಿಯಲ್ಲೋ ಎಂಬುದನ್ನು ಹೇಳುವುದಿಲ್ಲ. ಚೆಕ್‌ಸಮ್ ಕೂಡ ಅಷ್ಟೇ. ಡಿಸ್ಕ್‌ನ ತಟ್ಟೆ, ಅದರ ಎಲೆಕ್ಟ್ರಾನಿಕ್ಸ್, ಡಿಸ್ಕ್ ಮತ್ತು ಬೋರ್ಡ್ ನಡುವಿನ ಸಾಟಾ ಕೇಬಲ್, ಕಂಟ್ರೋಲರ್, ಮೆಮೊರಿ, ಪ್ರೊಸೆಸರ್ ಇವಿಷ್ಟರಲ್ಲಿ ಎಲ್ಲಿ ಬೇಕಾದರೂ ಬಿಟ್ ಹೊರಳಿರಬಹುದು. ಈ ದಾರಿಯಲ್ಲಿ ಎಲ್ಲಿ ಕೆಟ್ಟಿತು ಎಂದು ಹುಡುಕುವುದೇ ನಿಜವಾದ ದುರಸ್ತಿ. ಡಿಸ್ಕ್ ಬದಲಿಸುವುದು ಅದರ ನಂತರದ ಮಾತು.

ಹಂತ 1: ಏನನ್ನೂ ಮುಟ್ಟದೆ ಸ್ಥಿತಿಯನ್ನು ದಾಖಲಿಸಿ

ಝಡ್‌ಪೂಲ್ ಸ್ಟೇಟಸ್ -ವಿ ಮದುವೆ

ಈ ಆಜ್ಞೆಯ ಉತ್ತರವನ್ನು ಒಂದು ಕಡತಕ್ಕೆ ಉಳಿಸಿ, ಮೊಬೈಲ್‌ನಲ್ಲಿ ಒಂದು ಚಿತ್ರವನ್ನೂ ತೆಗೆಯಿರಿ. ರೀಬೂಟ್ ಮಾಡಬೇಡಿ. ಉತ್ತರದಲ್ಲಿ ಪ್ರತಿ ಡಿಸ್ಕ್‌ನ ಮುಂದೆ ಕಾಣುವ ಮೂರು ಕಾಲಂಗಳ ದೋಷದ ಲೆಕ್ಕ ಮೆಮೊರಿಯಲ್ಲಿ ಮಾತ್ರ ಇರುವುದರಿಂದ ರೀಬೂಟ್ ಆದೊಡನೆ ಸೊನ್ನೆಯಾಗುತ್ತದೆ. ಶಾಶ್ವತ ದೋಷಗಳ ಪಟ್ಟಿ ಪೂಲ್‌ನಲ್ಲೇ ಉಳಿಯುತ್ತದೆ, ಆದರೆ ಯಾವ ಡಿಸ್ಕ್ ಎಷ್ಟು ಸಲ ತಪ್ಪಿತು ಎಂಬ ಸುಳಿವು ಹೋಗಿಬಿಡುತ್ತದೆ. ‘ಝಡ್‌ಪೂಲ್ ಕ್ಲಿಯರ್’ ಕೊಡುವುದೂ ಬೇಡ. ಅದು ರೋಗ ವಾಸಿ ಮಾಡುವುದಿಲ್ಲ, ರೋಗಿಯ ಚೀಟಿ ಹರಿದು ಹಾಕುತ್ತದೆ.

ಹಂತ 2: ಮತ್ತೊಮ್ಮೆ ಸಿಗದಿರುವುದನ್ನು ಹೊರಗೆ ಸಾಗಿಸಿ

ಸ್ಕ್ರಬ್ ಮೊದಲೋ, ನಕಲು ಮೊದಲೋ ಎಂಬ ಪ್ರಶ್ನೆ ಇಲ್ಲಿ ಬರುತ್ತದೆ. ನಕಲೇ ಮೊದಲು ಎಂಬುದು ನನ್ನ ಖಚಿತ ಅಭಿಪ್ರಾಯ. ಸ್ಕ್ರಬ್ ಎಂದರೆ ಪೂಲ್‌ನಲ್ಲಿರುವ ಪ್ರತಿಯೊಂದು ಬ್ಲಾಕ್ ಓದುವ ಕೆಲಸ. ಸಾಯುತ್ತಿರುವ ಡಿಸ್ಕ್ ಇದ್ದರೆ ಅಷ್ಟು ಗಂಟೆಗಳ ಓಟದಲ್ಲಿ ಅದು ಪೂರ್ತಿ ನಿಂತುಹೋಗಬಹುದು. ಅದರ ಉಳಿದ ಉಸಿರನ್ನು ಈ ವಾರದ ಮದುವೆಯ ವಿಡಿಯೊ ಹೊರಗೆ ತೆಗೆಯಲು ಬಳಸುವುದು ಜಾಣತನ. ಗಿರಾಕಿಗೆ ಇನ್ನೂ ಕೊಡದ ಕೆಲಸ, ಲೆಕ್ಕದ ಕಡತಗಳು, ಬೇರೆಲ್ಲೂ ಪ್ರತಿ ಇಲ್ಲದ ಫೋಲ್ಡರ್‌ಗಳು, ಈ ಕ್ರಮದಲ್ಲಿ ಯುಎಸ್‌ಬಿ ಡಿಸ್ಕ್‌ಗೆ ಅಥವಾ ಇನ್ನೊಂದು ಯಂತ್ರಕ್ಕೆ ನಕಲಿಸಿ.

ಇದೇ ಹೊತ್ತಿನಲ್ಲಿ ಬ್ಯಾಕಪ್‌ನ ನಿಗದಿತ ಕೆಲಸಗಳನ್ನೂ ನಿಲ್ಲಿಸಿ. ಇದು ವಿಚಿತ್ರವಾಗಿ ಕೇಳಿಸಬಹುದು. ಹಳೆಯ ಪ್ರತಿಗಳನ್ನು ತಾನಾಗಿಯೇ ಅಳಿಸುವ ವ್ಯವಸ್ಥೆ ನಿಮ್ಮಲ್ಲಿದ್ದರೆ, ನೀವು ಕಾರಣ ಹುಡುಕುತ್ತಿರುವ ದಿನಗಳಲ್ಲೇ ಕೊನೆಯ ಒಳ್ಳೆಯ ಪ್ರತಿ ಅವಧಿ ಮುಗಿದು ಅಳಿಸಿಹೋಗಬಹುದು. ಹಳೆಯ ಸ್ನ್ಯಾಪ್‌ಶಾಟ್ (ಒಂದು ಗಳಿಗೆಯಲ್ಲಿ ಪೂಲ್‌ನ ಡೇಟಾ ಇದ್ದಂತೆ ಹಿಡಿದಿಟ್ಟ ಪ್ರತಿ) ಅಳಿಸುವ ಕೆಲಸಕ್ಕೂ ಇದೇ ಮಾತು. ಮೆಮೊರಿಯೇ ಕೆಟ್ಟಿದ್ದರೆ ಕೆಟ್ಟ ಡೇಟಾ ಸದ್ದಿಲ್ಲದೆ ಬ್ಯಾಕಪ್‌ಗೂ ಹೋಗುತ್ತದೆ, ಆಗ ಹಳೆಯ ಪ್ರತಿಯೇ ಆಸರೆ.

ಹಂತ 3: ಮೂರು ಕಾಲಂಗಳನ್ನು ಓದುವುದು

ಇಲ್ಲಿ ನಿಧಾನವಾಗಿ ಕುಳಿತುಕೊಳ್ಳಿ. ಸ್ಟೇಟಸ್ ಉತ್ತರದಲ್ಲಿ ಪ್ರತಿ ಡಿಸ್ಕ್‌ನ ಮುಂದೆ ರೀಡ್, ರೈಟ್, ಚೆಕ್‌ಸಮ್ ಎಂಬ ಮೂರು ಅಂಕಿಗಳಿರುತ್ತವೆ. ಡಿಸ್ಕ್ ತಾನಾಗಿ ‘ಓದಲಾಗಲಿಲ್ಲ’ ಎಂದು ಒಪ್ಪಿಕೊಂಡರೆ ರೀಡ್ ಏರುತ್ತದೆ, ‘ಬರೆಯಲಾಗಲಿಲ್ಲ’ ಎಂದರೆ ರೈಟ್. ‘ಇಗೋ ನಿಮ್ಮ ಡೇಟಾ’ ಎಂದು ಧೈರ್ಯವಾಗಿ ಕೊಟ್ಟು, ಅದು ತಪ್ಪಾಗಿದ್ದರೆ ಚೆಕ್‌ಸಮ್ ಏರುತ್ತದೆ. ಈ ಅಂಕಿಗಳಿಗಿಂತಲೂ ಅವು ಯಾವ ಯಾವ ಸಾಲುಗಳಲ್ಲಿ ಹರಡಿವೆ ಎಂಬುದು ಹೆಚ್ಚು ಮಾತಾಡುತ್ತದೆ.

ಒಂದೇ ಡಿಸ್ಕ್‌ನಲ್ಲಿ ರೀಡ್ ಏರಿದ್ದು, ಉಳಿದ ಐದು ಸೊನ್ನೆಯಲ್ಲಿದ್ದರೆ ಆ ಡಿಸ್ಕ್‌ನ ಮೇಲ್ಮೈ ಸವೆಯುತ್ತಿರುವ ಸಾಧ್ಯತೆ ಹೆಚ್ಚು. ಎಸ್.ಪಿ. ರಸ್ತೆಯ ದಾರಿ ಹಿಡಿಯಲು ಇದು ಒಪ್ಪುವ ಕಾರಣ, ಆದರೂ ಐದನೆಯ ಹಂತ ಮುಗಿಸಿಯೇ ಹೊರಡಿ.

ಒಂದೇ ಡಿಸ್ಕ್, ಚೆಕ್‌ಸಮ್ ಮಾತ್ರ ಏರಿದೆ, ರೀಡ್ ಮತ್ತು ರೈಟ್ ಸೊನ್ನೆ ಎಂದರೆ ಮೊದಲ ಶಂಕೆ ಕೇಬಲ್ ಮೇಲೆ, ನಂತರ ಆ ಕೇಬಲ್ ಚುಚ್ಚಿದ ಪೋರ್ಟ್ ಮೇಲೆ, ಆಮೇಲೆ ಡಿಸ್ಕ್ ಮೇಲೆ.

ಎರಡು ಮೂರು ಡಿಸ್ಕ್‌ಗಳಲ್ಲಿ ಒಟ್ಟಿಗೆ ಏರಿದ್ದರೆ, ಆ ಡಿಸ್ಕ್‌ಗಳಿಗೆ ಸಮಾನವಾದದ್ದು ಏನು ಎಂದು ಕೇಳಿಕೊಳ್ಳಿ. ಒಂದೇ ಪವರ್ ಸ್ಪ್ಲಿಟರ್‌ನಿಂದ ವಿದ್ಯುತ್ ಪಡೆಯುತ್ತಿವೆಯೇ? ಒಂದೇ ಎಚ್‌ಬಿಎ ಕಾರ್ಡ್‌ನ (ಹೆಚ್ಚು ಡಿಸ್ಕ್ ಜೋಡಿಸಲು ಬೋರ್ಡ್‌ಗೆ ಹಾಕುವ ಕಾರ್ಡ್) ಒಂದೇ ಕವಲು ಕೇಬಲ್‌ನಲ್ಲಿವೆಯೇ? ಮೂರು ಡಿಸ್ಕ್‌ಗಳು ಒಂದೇ ದಿನ ಕಾಯಿಲೆ ಬೀಳುವುದಕ್ಕಿಂತ ಮೂರಕ್ಕೂ ಆಸರೆಯಾದ ಒಂದು ತಂತಿ ಸಡಿಲವಾಗುವುದು ಹೆಚ್ಚು ಸಹಜ.

ಆರೂ ಡಿಸ್ಕ್‌ಗಳಲ್ಲಿ ಹೆಚ್ಚೂ ಕಡಿಮೆ ಒಂದೇ ಸಮನಾದ ಚೆಕ್‌ಸಮ್ ಅಂಕಿ ಇದ್ದು, ಜೊತೆಗೆ ಶಾಶ್ವತ ದೋಷಗಳೂ ಇದ್ದರೆ ಡಿಸ್ಕ್‌ಗಳನ್ನು ಮರೆತುಬಿಡಿ. ಚೆಕ್‌ಸಮ್ ಲೆಕ್ಕ ಹಾಕಿದ ಮೇಲೆ, ಡಿಸ್ಕ್‌ಗೆ ತಲುಪುವ ಮೊದಲು ಡೇಟಾ ಕೆಟ್ಟಿದೆ. ಎಲ್ಲ ಡಿಸ್ಕ್‌ಗಳೂ ಕೆಟ್ಟದ್ದನ್ನೇ ನಿಷ್ಠೆಯಿಂದ ಬರೆದುಕೊಂಡಿವೆ. ಮೆಮೊರಿ, ಪ್ರೊಸೆಸರ್, ಕಂಟ್ರೋಲರ್ ಇವುಗಳತ್ತ ತಿರುಗಿ. ಒಂದೇ ಡೇಟಾವನ್ನು ಎರಡು ಡಿಸ್ಕ್‌ಗಳಲ್ಲಿಡುವ ಕನ್ನಡಿ ಜೋಡಣೆಯಲ್ಲಿ ಎರಡೂ ಡಿಸ್ಕ್‌ಗಳು ಒಂದೇ ಅಂಕಿ ತೋರಿಸಿದರೂ ಇದೇ ಅರ್ಥ.

ಹಂತ 4: ದೋಷಕ್ಕೊಂದು ಸಮಯವಿದೆ

ಝಡ್‌ಪೂಲ್ ಇವೆಂಟ್ಸ್ -ವಿ

ಇದು ಪ್ರತಿ ದೋಷವೂ ಯಾವ ಗಳಿಗೆಯಲ್ಲಿ ಕಾಣಿಸಿತು ಎಂದು ಹೇಳುತ್ತದೆ. ಅದೇ ಗಳಿಗೆಯ ಸುತ್ತ ಕರ್ನಲ್ ಲಾಗ್ ನೋಡಿ:

ಜರ್ನಲ್‌ಸಿಟಿಎಲ್ -ಕೆ

‘ಹಾರ್ಡ್ ರೀಸೆಟಿಂಗ್ ಲಿಂಕ್’ ಎಂಬ ಸಾಲು ಮತ್ತೆ ಮತ್ತೆ ಬಂದರೆ ಸಂಪರ್ಕ ಕಡಿದು ಕೂಡುತ್ತಿದೆ ಎಂದು ಅರ್ಥ. ಕೇಬಲ್ ಅಥವಾ ವಿದ್ಯುತ್ತಿನ ಕಡೆ ಕೈ ತೋರಿಸುತ್ತದೆ. ‘ಯುಎನ್‌ಸಿ’ ಎಂಬ ಅಕ್ಷರಗಳು ಬಂದರೆ ಡಿಸ್ಕ್ ತನ್ನ ಸೆಕ್ಟರ್ ಓದಲಾಗದೆ ಸೋತಿದೆ.

ಸಮಯವನ್ನು ಕರೆಂಟ್ ಹೋದ ಹೊತ್ತಿನೊಂದಿಗೆ ತಾಳೆ ಹಾಕುವುದನ್ನು ಬಿಡಬೇಡಿ. ಏಪ್ರಿಲ್, ಮೇ ತಿಂಗಳಲ್ಲಿ ಸಂಜೆಯ ಗುಡುಗು ಮಳೆ ಬಂದಾಗ ಬೆಸ್ಕಾಂ ಲೈನ್ ಹೋಗಿ ಬರುವುದು ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಎಲ್ಲ ಕಡೆಯೂ ಇದೆ. ದೋಷಗಳೆಲ್ಲ ಆ ಸಂಜೆಗಳಲ್ಲೇ ಗುಂಪಾಗಿದ್ದರೆ ಅರ್ಧ ರೋಗನಿರ್ಣಯ ಆದಂತೆ. ಯುಪಿಎಸ್ ಲಾಗ್ ಇಡುವಂಥದ್ದಾದರೆ ಅದನ್ನು ನೋಡಿ, ಇಲ್ಲದಿದ್ದರೆ ಅಕ್ಕಪಕ್ಕದ ಅಂಗಡಿಯವರನ್ನು ಕೇಳಿ.

ಹಂತ 5: ಡಿಸ್ಕ್‌ನ ಸಾಕ್ಷ್ಯ

ಲಿನಕ್ಸ್ ಡಿಸ್ಕ್‌ಗೆ ಕೊಡುವ ಎಸ್‌ಡಿಎ, ಎಸ್‌ಡಿಬಿ ಎಂಬ ಹೆಸರುಗಳು ರೀಬೂಟ್ ಆದಾಗ ಅದಲು ಬದಲಾಗಬಹುದು. ಆದ್ದರಿಂದ ಎಲ್ಲವನ್ನೂ ಸೀರಿಯಲ್ ನಂಬರ್ ಹಿಡಿದೇ ಮಾತಾಡಿ. ಸೀರಿಯಲ್‌ನ ಕೊನೆಯ ನಾಲ್ಕು ಅಕ್ಷರಗಳನ್ನು ದಪ್ಪ ಮಾರ್ಕರ್‌ನಲ್ಲಿ ಬರೆದು ಡಿಸ್ಕ್‌ನ ಹೊರಮುಖಕ್ಕೆ ಅಂಟಿಸಿ. ಐದು ನಿಮಿಷದ ಈ ಕೆಲಸ ಮುಂದೆ ತಪ್ಪು ಡಿಸ್ಕ್ ಕೀಳುವುದನ್ನು ತಪ್ಪಿಸುತ್ತದೆ.

ಸ್ಮಾರ್ಟ್‌ಸಿಟಿಎಲ್ -ಎ, ನಂತರ ಡಿಸ್ಕ್‌ನ ಹೆಸರು

ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ‘ಸ್ಮಾರ್ಟ್’ ಲೆಕ್ಕದ ಉದ್ದನೆಯ ಪಟ್ಟಿ ಬರುತ್ತದೆ. ಅದರಲ್ಲಿ ಐದು ಸಾಲುಗಳನ್ನು ನೋಡಿದರೆ ಸಾಕು, ಅವುಗಳಲ್ಲೂ ಕೊನೆಯ ಕಾಲಂನ ಮೂಲ ಅಂಕಿಯನ್ನು ಮಾತ್ರ. 5ನೆಯದು ಬದಲಿ ಜಾಗಕ್ಕೆ ಸರಿಸಿದ ಸೆಕ್ಟರ್‌ಗಳು. 187 ಸರಿಪಡಿಸಲಾಗದೆ ವರದಿಯಾದ ದೋಷಗಳು. 197 ಓದಲಾಗದೆ ತೀರ್ಮಾನಕ್ಕೆ ಕಾಯುತ್ತಿರುವ ಸೆಕ್ಟರ್‌ಗಳು. 198 ಪರೀಕ್ಷೆಯಲ್ಲೂ ಓದಲಾಗದವು. 199 ಡಿಸ್ಕ್ ಮತ್ತು ಕಂಟ್ರೋಲರ್ ನಡುವೆ ದಾರಿಯಲ್ಲಿ ಕೆಟ್ಟ ಡೇಟಾ, ಅಂದರೆ ಬಹುಪಾಲು ಕೇಬಲ್.

199 ಎಂದೂ ಇಳಿಯುವುದಿಲ್ಲ. ಮೂರು ವರ್ಷದ ಹಿಂದೆ ಕೇಬಲ್ ಸಡಿಲವಾಗಿದ್ದಾಗ ಏರಿದ ಅಂಕಿ ಇವತ್ತೂ ಹಾಗೆಯೇ ಕಾಣುತ್ತದೆ. ಇವತ್ತಿನ ಅಂಕಿ ಬರೆದಿಟ್ಟು, ಎರಡು ದಿನ ಬಿಟ್ಟು ನೋಡಿ. ಏರುತ್ತಿದ್ದರೆ ಮಾತ್ರ ಅದು ಈಗಿನ ಸಮಸ್ಯೆ. 5ರಲ್ಲಿ ಎರಡೋ ಮೂರೋ ಇದ್ದು ತಿಂಗಳುಗಟ್ಟಲೆ ಹಾಗೆಯೇ ನಿಂತಿದ್ದರೆ ನಾನು ಡಿಸ್ಕ್ ಬದಲಿಸುವುದಿಲ್ಲ. 197 ವಾರದಿಂದ ವಾರಕ್ಕೆ ಏರುತ್ತಿದ್ದರೆ, ಅಥವಾ 187 ಸೊನ್ನೆಯಲ್ಲದಿದ್ದರೆ ಚರ್ಚೆ ಬೇಡ, ಬದಲಿಸಿ. ಮೇಲ್ಗಡೆ ‘ಪಾಸ್ಡ್’ ಎಂದು ಬರೆದಿರುವುದನ್ನು ನಂಬಿ ಕೂರಬೇಡಿ. ಹೆಜ್ಜೆ ಹೆಜ್ಜೆಗೂ ತಡವರಿಸುವ ಡಿಸ್ಕ್‌ಗೂ ಅದು ತೇರ್ಗಡೆ ಪತ್ರ ಕೊಡುತ್ತದೆ.

ನಂತರ ದೀರ್ಘ ಪರೀಕ್ಷೆ: ಸ್ಮಾರ್ಟ್‌ಸಿಟಿಎಲ್ -ಟಿ ಲಾಂಗ್, ನಂತರ ಡಿಸ್ಕ್‌ನ ಹೆಸರು. 4 ಟಿಬಿ ಡಿಸ್ಕ್‌ಗೆ ಏಳೆಂಟು ಗಂಟೆ ಅಥವಾ ಹೆಚ್ಚು ಹಿಡಿಯುತ್ತದೆ, ಆದ್ದರಿಂದ ರಾತ್ರಿ ಅಂಗಡಿ ಮುಚ್ಚುವಾಗ ಆರಂಭಿಸಿ. ಈ ಪರೀಕ್ಷೆ ಡಿಸ್ಕ್‌ನ ಒಳಗೇ ನಡೆಯುವುದರಿಂದ ಕೇಬಲ್‌ನ ಪಾತ್ರ ಇಲ್ಲ. ದೀರ್ಘ ಪರೀಕ್ಷೆ ಸಲೀಸಾಗಿ ಮುಗಿದು, ಚೆಕ್‌ಸಮ್ ಮಾತ್ರ ಏರುತ್ತಲೇ ಇದ್ದರೆ ಡಿಸ್ಕ್ ಬಹುತೇಕ ನಿರಪರಾಧಿ.

ಹಂತ 6: ಕೇಬಲ್, ಕರೆಂಟ್, ಧೂಳು

ಮೊದಲು ಕೇಬಲ್ ಅದಲು ಬದಲು ಪರೀಕ್ಷೆ. ಸರ್ವರ್ ಆಫ್ ಮಾಡಿ, ದೋಷವಿರುವ ಡಿಸ್ಕ್‌ನ ಸಾಟಾ ಕೇಬಲನ್ನು ಚೆನ್ನಾಗಿರುವ ಡಿಸ್ಕ್‌ಗೂ, ಅದರದ್ದನ್ನು ಇದಕ್ಕೂ ಹಾಕಿ. ಬೋರ್ಡ್ ಕಡೆಯ ತುದಿಗಳನ್ನು ಮುಟ್ಟಬೇಡಿ. ಡಿಸ್ಕ್‌ಗಳು ಬೇರೆ ಪೋರ್ಟ್‌ಗೆ ಹೋದರೂ ಝಡ್‌ಎಫ್‌ಎಸ್ ಅವುಗಳನ್ನು ಗುರುತು ಹಿಡಿಯುತ್ತದೆ. ಮತ್ತೆ ಓಡಿಸಿದಾಗ ದೋಷ ಎರಡನೆಯ ಡಿಸ್ಕ್‌ಗೆ ದಾಟಿದರೆ ಅಪರಾಧಿ ಕೇಬಲ್ ಅಥವಾ ಪೋರ್ಟ್. ಹಳೆಯ ಡಿಸ್ಕ್‌ನಲ್ಲೇ ಉಳಿದರೆ ಡಿಸ್ಕ್ ಅಥವಾ ಅದರ ಪವರ್ ತಂತಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಕೇಬಲ್, ಪೋರ್ಟ್, ಪವರ್ ಮೂರನ್ನೂ ಒಟ್ಟಿಗೆ ಬದಲಿಸಿ ದೋಷ ನಿಂತರೆ ಸಂತೋಷವಾಗುತ್ತದೆ ನಿಜ, ಆದರೆ ಕೆಟ್ಟ ವಸ್ತು ಯಾವುದೆಂದು ತಿಳಿಯದೆ ಅದು ಮತ್ತೆ ನಿಮ್ಮ ಬಿಡಿಭಾಗಗಳ ಡಬ್ಬಕ್ಕೇ ಸೇರುತ್ತದೆ.

ಸಾಟಾ ಕೇಬಲ್‌ಗಳನ್ನು ಒಟ್ಟಿಗೆ ಬಿಗಿಯಾಗಿ ಟೈ ಕಟ್ಟಿ ಅಂದ ಮಾಡುವ ಅಭ್ಯಾಸ ಹಲವರಿಗಿದೆ. ಬೇಡ. ತೀರಾ ಬಗ್ಗಿಸಿದ ಕೇಬಲ್, ಕ್ಲಿಪ್ ಇಲ್ಲದ ಕೇಬಲ್ ಎರಡನ್ನೂ ಬದಲಿಸಿ. ಪ್ಲಾಸ್ಟಿಕ್ ಅಚ್ಚಿನಲ್ಲಿ ಸುರಿದ ಅಗ್ಗದ ಪವರ್ ಸ್ಪ್ಲಿಟರ್‌ಗಳು ಇನ್ನೂ ಕೆಟ್ಟವು, ಒಳಗೆ ತಂತಿಗಳು ಕೂಡಿ ಕರಗಿಹೋದದ್ದೂ ಉಂಟು. ಆರು ಡಿಸ್ಕ್‌ಗಳು ಒಟ್ಟಿಗೆ ತಿರುಗಲು ಆರಂಭಿಸುವ ಕ್ಷಣದಲ್ಲಿ ಎಳೆಯುವ ವಿದ್ಯುತ್ ಓಡುವಾಗಿನದಕ್ಕಿಂತ ಬಹಳ ಹೆಚ್ಚು. ಹಳೆಯ ಪವರ್ ಸಪ್ಲೈ ಅಲ್ಲೇ ತಡವರಿಸುತ್ತದೆ.

ಎಚ್‌ಬಿಎ ಕಾರ್ಡ್‌ಗಳ ಬಗ್ಗೆ ಒಂದು ಮಾತು. ಹಳೆಯ ಸರ್ವರ್‌ಗಳಿಂದ ಕಳಚಿ ಮಾರುವ ಕಾರ್ಡ್‌ಗಳು ಒಳ್ಳೆಯವೇ, ಆದರೆ ಅವು ಹುಟ್ಟಿದ್ದು ಗಾಳಿ ಭೋರೆಂದು ಬೀಸುವ ಡೇಟಾ ಸೆಂಟರ್‌ಗಾಗಿ. ಮಾಮೂಲಿ ಡೆಸ್ಕ್‌ಟಾಪ್ ಪೆಟ್ಟಿಗೆಯಲ್ಲಿ, ಬೇಸಿಗೆಯ ಮಧ್ಯಾಹ್ನ, ತಗಡಿನ ಚಾವಣಿಯ ಕೆಳಗೆ ಅವು ಕಾದು ತಪ್ಪು ಮಾಡುತ್ತವೆ. ಹೀಟ್‌ಸಿಂಕ್ ಮೇಲೆ ಒಂದು ಸಣ್ಣ ಫ್ಯಾನ್ ಕೂರಿಸಿ. ದೋಷಗಳು ಮಧ್ಯಾಹ್ನ ಮಾತ್ರ ಬಂದು ಬೆಳಗಿನ ಜಾವ ಸುಮ್ಮನಿದ್ದರೆ ಇದನ್ನು ಮೊದಲು ಮಾಡಿ.

ಕರೆಂಟ್ ವಿಷಯ. ಮನೆಯ ಇನ್ವರ್ಟರ್‌ಗೇ ಸರ್ವರ್ ಚುಚ್ಚಿರುವುದು ನಮ್ಮಲ್ಲಿ ಸಾಮಾನ್ಯ. ಲೈನ್ ಹೋದಾಗ ಇನ್ವರ್ಟರ್ ಬ್ಯಾಟರಿಗೆ ದಾಟಲು ತೆಗೆದುಕೊಳ್ಳುವ ಮಿಲಿಸೆಕೆಂಡುಗಳಲ್ಲಿ ಫ್ಯಾನು, ದೀಪಕ್ಕೆ ಏನೂ ಆಗುವುದಿಲ್ಲ. ಕಂಪ್ಯೂಟರ್‌ನ ಪವರ್ ಸಪ್ಲೈ ಮಾತ್ರ ಹದಿನಾರು ಹದಿನೇಳು ಮಿಲಿಸೆಕೆಂಡಿಗಿಂತ ಹೆಚ್ಚು ಉಸಿರು ಹಿಡಿಯಬೇಕೆಂದು ಯಾರೂ ಖಾತರಿ ಕೊಟ್ಟಿಲ್ಲ. ಇನ್ವರ್ಟರ್ ಹಿಂಭಾಗದಲ್ಲಿ ಯುಪಿಎಸ್ ಮೋಡ್ ಸ್ವಿಚ್ ಇದ್ದರೆ ಅದನ್ನು ಹಾಕಿ. ಸಾಧ್ಯವಾದರೆ ಸರ್ವರ್‌ಗೆಂದೇ ಆನ್‌ಲೈನ್ ಯುಪಿಎಸ್ ಇಡಿ, ಬ್ಯಾಟರಿ ಇಳಿದಾಗ ಸರ್ವರ್ ತಾನೇ ಶಟ್‌ಡೌನ್ ಆಗುವಂತೆ ಯುಎಸ್‌ಬಿ ತಂತಿಯನ್ನೂ ಜೋಡಿಸಿ. ಆ ತಂತಿ ಪೆಟ್ಟಿಗೆಯಲ್ಲೇ ಉಳಿದಿರುವ ಯುಪಿಎಸ್‌ಗಳೇ ಹೆಚ್ಚು.

ಅರ್ಥಿಂಗ್ ಅನ್ನು ಯಾರೂ ನೋಡುವುದಿಲ್ಲ. ನಮ್ಮ ಬಯಲುಸೀಮೆಯ ಬೇಸಿಗೆಯಲ್ಲಿ ಅರ್ಥ್ ಗುಂಡಿ ಒಣಗಿ, ಉಪ್ಪು ಇದ್ದಲು ಹಾಕಿದ್ದರೂ ನೀರಿಲ್ಲದೆ ಕೆಲಸ ನಿಲ್ಲಿಸಿರುತ್ತದೆ. ಎಲೆಕ್ಟ್ರಿಷಿಯನ್ ಕರೆಸಿ ನ್ಯೂಟ್ರಲ್ ಮತ್ತು ಅರ್ಥ್ ನಡುವಿನ ವೋಲ್ಟೇಜ್ ಅಳೆಸಿ. ಎರಡು ಮೂರು ವೋಲ್ಟ್ ದಾಟಿದ್ದರೆ ಗುಂಡಿಗೆ ನೀರು ಹಾಕಿಸಿ, ಸಂಪರ್ಕ ಬಿಗಿ ಮಾಡಿಸಿ. ಪೆಟ್ಟಿಗೆ ತೆರೆದಾಗ ಹಲ್ಲಿ, ಇರುವೆಗೂಡು ಕಂಡರೆ ಆಶ್ಚರ್ಯ ಪಡಬೇಡಿ. ಬೆಚ್ಚಗಿರುವ ಜಾಗ ಅವಕ್ಕೂ ಇಷ್ಟ. ಖಾಲಿ ಕಿಂಡಿಗಳನ್ನೆಲ್ಲ ಜಾಲರಿಯಿಂದ ಮುಚ್ಚಿ.

ಹಂತ 7: ಮೆಮೊರಿ

ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್ ತಂತ್ರಾಂಶವನ್ನು ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ರಾತ್ರಿಯಿಡೀ ಓಡಿಸಿ. ಒಂದೇ ಒಂದು ದೋಷ ಕಂಡರೂ ಆ ಮೆಮೊರಿ ಸರ್ವರ್‌ಗೆ ಲಾಯಕ್ಕಲ್ಲ. ಮೆಮೊರಿ ಪಟ್ಟಿಗಳನ್ನು ಒಂದೊಂದಾಗಿ ಹಾಕಿ ಯಾವುದು ಕೆಟ್ಟಿದೆ ಎಂದು ಕಂಡುಹಿಡಿಯಿರಿ. ವೇಗ ಹೆಚ್ಚಿಸುವ ಎಕ್ಸ್‌ಎಂಪಿ ಆಯ್ಕೆ ಬಯಾಸ್‌ನಲ್ಲಿ ಆನ್ ಇದ್ದರೆ ತೆಗೆಯಿರಿ. ಗೇಮ್ ಆಡುವ ಯಂತ್ರಕ್ಕೆ ಅದು ಸರಿ, ಇಲ್ಲಿ ಅದರಿಂದ ಲಾಭವಿಲ್ಲ.

ಇಸಿಸಿ ಮೆಮೊರಿ (ತನ್ನ ಸಣ್ಣ ದೋಷವನ್ನು ತಾನೇ ತಿದ್ದಿಕೊಳ್ಳುವಂಥದ್ದು) ಇಲ್ಲದೆ ಝಡ್‌ಎಫ್‌ಎಸ್ ಬಳಸಿದರೆ ಸ್ಕ್ರಬ್ ಪೂಲನ್ನೇ ನಾಶ ಮಾಡುತ್ತದೆ ಎಂಬ ಮಾತು ಓಡಾಡುತ್ತಿದೆ. ಅದು ಅತಿಶಯೋಕ್ತಿ. ಆದರೆ ಕೆಟ್ಟ ಮೆಮೊರಿಯ ನಿಜವಾದ ಅಪಾಯ ಬೇರೆ: ಚೆಕ್‌ಸಮ್ ಲೆಕ್ಕ ಹಾಕುವ ಮೊದಲೇ ಡೇಟಾ ಕೆಟ್ಟರೆ, ಕೆಟ್ಟ ಡೇಟಾಕ್ಕೆ ಸರಿಯಾದ ಚೆಕ್‌ಸಮ್ ಅಂಟುತ್ತದೆ. ಆಗ ಯಾವ ಸ್ಕ್ರಬ್ಬೂ ಅದನ್ನು ಹಿಡಿಯಲಾರದು. ಹೊಸದಾಗಿ ಸರ್ವರ್ ಕೊಳ್ಳುವವರು ಇಸಿಸಿಗೆ ಹಣ ಹಾಕುವುದು ಈ ಕಾರಣಕ್ಕೆ ಸರಿ.

ಹಂತ 8: ಈಗ ಸ್ಕ್ರಬ್

ಕಾರಣ ಸಿಕ್ಕಿ, ಸರಿಪಡಿಸಿದ ಮೇಲೆ ಕ್ಲಿಯರ್ ಕೊಟ್ಟು ಲೆಕ್ಕ ಸೊನ್ನೆ ಮಾಡಿ, ನಂತರ:

ಝಡ್‌ಪೂಲ್ ಸ್ಕ್ರಬ್ ಮದುವೆ

ಮುಗಿದಾಗ ‘ರಿಪೇರ್ಡ್’ ಮುಂದೆ ಒಂದಿಷ್ಟು ಅಂಕಿ ಬಂದರೆ ಗಾಬರಿ ಬೇಡ, ಹಳೆಯ ಗಾಯಗಳು ವಾಸಿಯಾದವು ಎಂದರ್ಥ. ಎರಡನೆಯ ಸ್ಕ್ರಬ್‌ನಲ್ಲಿ ಸೊನ್ನೆ ಬರಬೇಕು. ಎರಡನೆಯದರಲ್ಲೂ ಹೊಸ ರಿಪೇರಿ ಕಂಡರೆ ಕಾರಣ ಇನ್ನೂ ಒಳಗಿದೆ, ಮೂರನೆಯ ಹಂತಕ್ಕೆ ಹಿಂತಿರುಗಿ.

ಹಂತ 9: ಶಾಶ್ವತ ದೋಷದ ಪಟ್ಟಿಯಲ್ಲಿರುವ ಕಡತಗಳು

ಪಟ್ಟಿಯಲ್ಲಿ ನಾಲ್ಕು ಬಗೆಯ ನಮೂದುಗಳು ಬರುತ್ತವೆ. ಮಾಮೂಲಿ ಕಡತದ ದಾರಿ ಕಂಡರೆ ಸುಲಭ: ಬ್ಯಾಕಪ್‌ನಿಂದ ತಂದು, ಹಾಳಾದದ್ದನ್ನು ಅಳಿಸಿ, ಹೊಸದನ್ನು ಇಡಿ. ಕಡತದ ಹೆಸರಿನ ಜೊತೆ ಸ್ನ್ಯಾಪ್‌ಶಾಟ್‌ನ ಹೆಸರೂ ಕಂಡರೆ ಕೆಟ್ಟ ಬ್ಲಾಕನ್ನು ಆ ಸ್ನ್ಯಾಪ್‌ಶಾಟ್ ಹಿಡಿದುಕೊಂಡಿದೆ. ಸ್ನ್ಯಾಪ್‌ಶಾಟ್ ಅಳಿಸುವವರೆಗೆ ದೋಷ ಹೋಗುವುದಿಲ್ಲ. ಅಳಿಸುವ ಮೊದಲು ಅದರೊಳಗಿನ ಉಳಿದ ಒಳ್ಳೆಯ ಕಡತಗಳು ಬೇಕೇ ಎಂದು ನೋಡಿಕೊಳ್ಳಿ. ಹೆಸರಿಲ್ಲದೆ ಸೊನ್ನೆ ಎಕ್ಸ್ ಎಂದು ಆರಂಭವಾಗುವ ಸಂಖ್ಯೆ ಮಾತ್ರ ಬಂದರೆ ಬಹುತೇಕ ಆ ಕಡತ ಈಗಾಗಲೇ ಅಳಿಸಿಹೋಗಿದೆ. ನಾಲ್ಕನೆಯದು ‘ಮೆಟಾಡೇಟಾ’, ಅಂದರೆ ಪೂಲ್ ತನ್ನ ಬಗ್ಗೆ ಇಟ್ಟುಕೊಳ್ಳುವ ಮಾಹಿತಿ. ಅದು ಕಂಡು, ಸ್ಕ್ರಬ್ ಮಾಡಿದರೂ ಹೋಗದಿದ್ದರೆ ಎಲ್ಲ ಡೇಟಾ ಹೊರಗೆ ನಕಲಿಸಿ, ಪೂಲ್ ಹೊಸದಾಗಿ ಕಟ್ಟಿ, ಮತ್ತೆ ತುಂಬಿ. ಅದಕ್ಕೆ ಅಡ್ಡದಾರಿ ಹುಡುಕುವುದರಲ್ಲಿ ಸಮಯ ಕಳೆಯಬೇಡಿ.

ಕಡತ ಅಳಿಸಿದ ಮೇಲೂ ಪಟ್ಟಿಯಲ್ಲಿ ಹೆಸರು ಉಳಿದಿದೆ ಎಂದು ಅನೇಕರು ದಿಕ್ಕೆಡುತ್ತಾರೆ. ಝಡ್‌ಎಫ್‌ಎಸ್ ಹಿಂದಿನ ಸ್ಕ್ರಬ್‌ನ ಪಟ್ಟಿಯನ್ನೂ ಇಟ್ಟುಕೊಳ್ಳುವುದರಿಂದ ಪಟ್ಟಿ ಖಾಲಿಯಾಗಲು ಎರಡು ಸ್ಕ್ರಬ್ ಬೇಕಾಗಬಹುದು. ಓಪನ್‌ಝಡ್‌ಎಫ್‌ಎಸ್ 2.2ರಿಂದ ಸ್ಕ್ರಬ್ ಆಜ್ಞೆಗೆ -ಇ ಸೇರಿಸಿದರೆ ದೋಷ ಗೊತ್ತಿರುವ ಬ್ಲಾಕ್‌ಗಳನ್ನು ಮಾತ್ರ ಪರೀಕ್ಷಿಸುತ್ತದೆ.

ಬ್ಯಾಕಪ್ ಇಲ್ಲದ ಕಡತವಾದರೆ? ಝಡ್‌ಎಫ್‌ಎಸ್‌ನಲ್ಲಿ ಸಾಮಾನ್ಯವಾಗಿ ಒಂದು ಬ್ಲಾಕ್ 128 ಕೆಬಿ. ಮುಹೂರ್ತದ ವಿಡಿಯೊ 40 ಜಿಬಿ ಇದ್ದು ಒಂದು ಬ್ಲಾಕ್ ಮಾತ್ರ ಹೋಗಿದ್ದರೆ, ಮಾಮೂಲಿ ನಕಲು ಆ ಜಾಗಕ್ಕೆ ಬಂದು ನಿಂತುಬಿಡುತ್ತದೆ. ‘ಡಿಡಿರೆಸ್ಕ್ಯೂ’ ಎಂಬ ತಂತ್ರಾಂಶ ಬಳಸಿ ನಕಲಿಸಿದರೆ ಓದಲಾಗದ ಭಾಗ ಬಿಟ್ಟು ಉಳಿದದ್ದೆಲ್ಲ ಬರುತ್ತದೆ. ವಿಡಿಯೊದಲ್ಲಿ ಒಂದು ಕ್ಷಣ ಚೌಕಗಳು ಕಾಣಬಹುದು, ಅದು ಮಾಂಗಲ್ಯಧಾರಣೆಯ ಕ್ಷಣವೇ ಆಗದಿರಲಿ. ಕಡತದ ಸೂಚಿ ಇರುವ ಭಾಗವೇ ಹೋಗಿದ್ದರೆ ಮಾತ್ರ ವಿಡಿಯೊ ದುರಸ್ತಿ ತಂತ್ರಾಂಶ ಬೇಕು. ಆದರೆ ಟ್ಯಾಲಿಯ ಲೆಕ್ಕ, ಡೇಟಾಬೇಸ್‌ಗಳ ಮೇಲೆ ಈ ಉಪಾಯ ಬಳಸಬೇಡಿ. ನಡುವೆ ತೂತಿರುವ ಲೆಕ್ಕದ ಪುಸ್ತಕ ತೆರೆದುಕೊಂಡರೂ ಅದರ ಮೊತ್ತವನ್ನು ನಂಬುವಂತಿಲ್ಲ.

ಹಂತ 10: ಡಿಸ್ಕ್ ಬದಲಿಸಲೇಬೇಕಾದಾಗ

ಹಳೆಯ ಡಿಸ್ಕ್ ಇನ್ನೂ ಓದಲು ಬರುತ್ತಿದ್ದರೆ ಅದನ್ನು ಕೀಳದೆ, ಹೊಸದನ್ನು ಖಾಲಿ ಪೋರ್ಟ್‌ಗೆ ಹಾಕಿ ‘ಝಡ್‌ಪೂಲ್ ರಿಪ್ಲೇಸ್’ ಕೊಡಿ. ಪೂಲ್‌ನ ಹೆಸರು, ಹಳೆಯ ಡಿಸ್ಕ್, ಹೊಸ ಡಿಸ್ಕ್ ಈ ಕ್ರಮದಲ್ಲಿ. ರೀಸಿಲ್ವರ್, ಅಂದರೆ ಹೊಸ ಡಿಸ್ಕ್‌ಗೆ ಡೇಟಾ ತುಂಬುವ ಕೆಲಸ, ನಡೆಯುವಾಗ ಹಳೆಯದೂ ಡೇಟಾ ಕೊಡಲು ಕೈಜೋಡಿಸುತ್ತದೆ, ಇನ್ನೊಂದು ಡಿಸ್ಕ್ ನಡುವೆ ಕೈಕೊಟ್ಟರೆ ಇದು ಪೂಲನ್ನು ಉಳಿಸಬಹುದು. ತಪ್ಪಿ ಬೇರೆ ಡಿಸ್ಕ್ ಕಿತ್ತರೆ ಗಾಬರಿಯಿಂದ ಇನ್ನೇನೂ ಮಾಡದೆ ಅದನ್ನೇ ಹಿಂದಕ್ಕೆ ಹಾಕಿ. ಆ ಹೊತ್ತಿನಲ್ಲಿ ತಪ್ಪಿಹೋದ ಬರಹಗಳನ್ನಷ್ಟೇ ಝಡ್‌ಎಫ್‌ಎಸ್ ತುಂಬಿಕೊಳ್ಳುತ್ತದೆ.

ಕೊಳ್ಳುವಾಗ ಸಿಎಂಆರ್ (ಬರಹದ ಪಥಗಳು ಒಂದರ ಮೇಲೊಂದು ಬೀಳದ) ಡಿಸ್ಕ್ ಎಂದು ಕೇಳಿ, ಮಾದರಿ ಸಂಖ್ಯೆಯನ್ನು ತಯಾರಕರ ಪಟ್ಟಿಯಲ್ಲಿ ನೋಡಿ. ಪಥದ ಮೇಲೆ ಪಥ ಹೊದಿಸಿ ಬರೆಯುವ ಎಸ್‌ಎಂಆರ್ ಡಿಸ್ಕ್‌ಗಳು ರೀಸಿಲ್ವರ್ ಸಮಯದಲ್ಲಿ ಆಮೆಯಾಗುತ್ತವೆ, ಕೆಲವೊಮ್ಮೆ ಪೂಲ್‌ನಿಂದಲೇ ಹೊರಬೀಳುತ್ತವೆ. ನಾಸ್‌ಗೆಂದೇ (ನೆಟ್‌ವರ್ಕ್ ಸ್ಟೋರೇಜ್ ಸರ್ವರ್‌ಗೆಂದೇ) ಮಾರುತ್ತಿದ್ದ ಕೆಲವು ಮಾದರಿಗಳಲ್ಲೂ ಎಸ್‌ಎಂಆರ್ ಇದೆ ಎಂಬುದು 2020ರಲ್ಲಿ ಬಯಲಾಗಿತ್ತು. ಹೊಸದೆಂದು ಕೊಟ್ಟ ಡಿಸ್ಕ್‌ನ ಸ್ಮಾರ್ಟ್ ಪಟ್ಟಿಯಲ್ಲಿ 9ನೆಯ ಸಾಲು, ಓಡಿದ ಗಂಟೆಗಳು, ನೋಡದೆ ಹಣ ಕೊಡಬೇಡಿ. ಈ ಲೆಕ್ಕವನ್ನೂ ಅಳಿಸಿ ಮಾರುವವರಿದ್ದಾರೆ. ಸೀಗೇಟ್ ಡಿಸ್ಕ್‌ಗಳಲ್ಲಿ ‘ಫಾರ್ಮ್’ ಎಂಬ ಇನ್ನೊಂದು ಲಾಗ್ ಇದ್ದು, ಹೊಸ ಸ್ಮಾರ್ಟ್‌ಸಿಟಿಎಲ್‌ನಲ್ಲಿ ಅದನ್ನು ಓದಬಹುದು. ಎರಡೂ ಗಂಟೆಗಳು ತಾಳೆಯಾಗದಿದ್ದರೆ ಡಿಸ್ಕ್ ಹಿಂತಿರುಗಿಸಿ.

ಪೂಲ್ ತೆರೆಯುವುದೇ ಇಲ್ಲ ಎಂದರೆ

ಮೊದಲು ಓದಲು ಮಾತ್ರ ಅನುಮತಿಸಿ ಇಂಪೋರ್ಟ್ ಮಾಡಿ ನೋಡಿ: ಝಡ್‌ಪೂಲ್ ಇಂಪೋರ್ಟ್ -ಒ ರೀಡ್‌ಓನ್ಲಿ=ಆನ್ ಮದುವೆ. ತೆರೆದರೆ ಕೂಡಲೇ ನಕಲು ಆರಂಭಿಸಿ. ತೆರೆಯದಿದ್ದರೆ ದೊಡ್ಡಕ್ಷರದ ಎಫ್ ಜೊತೆಗೆ ಸಣ್ಣಕ್ಷರದ ಎನ್ ಸೇರಿಸಿ ಕೊಡಿ. ಕೊನೆಯ ಕೆಲವು ಬರಹಗಳನ್ನು ಕೈಬಿಟ್ಟರೆ ಪೂಲ್ ತೆರೆಯುತ್ತದೆಯೇ ಎಂದು ಏನನ್ನೂ ಬದಲಿಸದೆ ಹೇಳುತ್ತದೆ. ಉತ್ತರ ಹೌದಾದರೆ ಎನ್ ತೆಗೆದು ಮಾಡಿ. ಡಿಸ್ಕ್‌ಗಳೇ ಸೋಲುತ್ತಿದ್ದರೆ ಪ್ರತಿಯೊಂದನ್ನೂ ಡಿಡಿರೆಸ್ಕ್ಯೂನಿಂದ ಹೊಸ ಡಿಸ್ಕ್‌ಗೆ ಪಡಿಯಚ್ಚು ತೆಗೆದು, ಪ್ರಯೋಗಗಳನ್ನೆಲ್ಲ ಪಡಿಯಚ್ಚಿನ ಮೇಲೆ ಮಾಡಿ.

ತಂತ್ರಾಂಶದ ದೋಷ, ಮತ್ತು ಬೇರೆ ರೇಡ್

ಎಲ್ಲ ಪರೀಕ್ಷೆಯೂ ಸ್ವಚ್ಛವಾಗಿ ಬಂದರೆ ಆವೃತ್ತಿ ನೋಡಿ. 2023ರ ನವೆಂಬರ್‌ನಲ್ಲಿ ಓಪನ್‌ಝಡ್‌ಎಫ್‌ಎಸ್‌ನಲ್ಲೇ ಒಂದು ದೋಷ ಸಿಕ್ಕಿತು: ಆಗಷ್ಟೇ ಬರೆದ ಕಡತವನ್ನು ನಕಲಿಸುವಾಗ ಅಪರೂಪಕ್ಕೆ ಕೆಲವು ಭಾಗ ಸೊನ್ನೆಗಳಾಗಿ ಬರುತ್ತಿತ್ತು. ಸೊನ್ನೆಗೂ ಸರಿಯಾದ ಚೆಕ್‌ಸಮ್ ಇರುತ್ತಿದ್ದುದರಿಂದ ಸ್ಕ್ರಬ್ ಏನೂ ಹೇಳುತ್ತಿರಲಿಲ್ಲ. 2.2.2 ಮತ್ತು 2.1.14ರಲ್ಲಿ ಸರಿಪಡಿಸಿದರು. ಅದಕ್ಕಿಂತ ಹಳೆಯದು ಓಡುತ್ತಿದ್ದರೆ ಇವತ್ತೇ ನವೀಕರಿಸಿ.

ಲಿನಕ್ಸ್‌ನ ಎಂಡಿ ರೇಡ್ ಅಥವಾ ಹಾರ್ಡ್‌ವೇರ್ ರೇಡ್ ಕಾರ್ಡ್ ಇರುವವರಿಗೆ ಕೇಬಲ್, ಕರೆಂಟ್, ಮೆಮೊರಿ, ಸ್ಮಾರ್ಟ್ ಹಂತಗಳೆಲ್ಲ ಹಾಗೆಯೇ ಅನ್ವಯಿಸುತ್ತವೆ. ವ್ಯತ್ಯಾಸ ಒಂದು: ಅಲ್ಲಿ ಸಾಮಾನ್ಯವಾಗಿ ಚೆಕ್‌ಸಮ್ ಇರುವುದಿಲ್ಲ. ಎರಡು ಪ್ರತಿಗಳು ಬೇರೆ ಬೇರೆಯಾಗಿವೆ ಎಂದು ತಿಳಿಯುತ್ತದೆ, ಯಾವುದು ಸರಿ ಎಂದು ತಿಳಿಯುವುದಿಲ್ಲ. ಆದ್ದರಿಂದ ‘ಚೆಕ್’ ಓಡಿಸಿ ಮಿಸ್‌ಮ್ಯಾಚ್ ಎಣಿಕೆ ನೋಡಿ, ಕಾರಣ ಸಿಗುವ ಮುನ್ನ ‘ರಿಪೇರ್’ ಕೊಡಬೇಡಿ. ಅದು ಕೆಟ್ಟ ಪ್ರತಿಯನ್ನೇ ಒಳ್ಳೆಯದರ ಮೇಲೆ ಬರೆದುಬಿಡಬಹುದು.

ವರ್ಷದ ವೇಳಾಪಟ್ಟಿ

ಡೆಬಿಯನ್ ಮತ್ತು ಉಬುಂಟು ಪ್ರತಿ ತಿಂಗಳ ಎರಡನೆಯ ಭಾನುವಾರ ತಾವಾಗಿ ಸ್ಕ್ರಬ್ ಮಾಡುತ್ತವೆ. ಭಾನುವಾರ ಮದುವೆಗಳಿರುವ ಸ್ಟುಡಿಯೊ ಅದನ್ನು ಮಂಗಳವಾರ ರಾತ್ರಿಗೆ ಬದಲಿಸಿಕೊಳ್ಳುವುದು ಒಳ್ಳೆಯದು. ದೋಷ ಕಂಡಾಗ ಇಮೇಲ್ ಕಳುಹಿಸುವ ‘ಝೆಡ್’ ಎಂಬ ಸೇವೆಗೆ ನಿಮ್ಮ ವಿಳಾಸ ಕೊಟ್ಟು, ಒಂದು ಪರೀಕ್ಷಾ ಸಂದೇಶ ಬರುತ್ತದೆಯೇ ನೋಡಿ. ಸ್ಮಾರ್ಟ್ ದೀರ್ಘ ಪರೀಕ್ಷೆಯನ್ನೂ ತಿಂಗಳಿಗೊಮ್ಮೆ ಇಡಿ, ಸ್ಕ್ರಬ್ ಇರುವ ರಾತ್ರಿ ಮಾತ್ರ ಬೇಡ.

ನಮ್ಮ ಕಡೆ ಮದುವೆ ಸೀಸನ್, ಬೇಸಿಗೆಯ ಸೆಖೆ, ಗುಡುಗು ಮಳೆಯ ಪವರ್ ಕಟ್ ಮೂರೂ ಏಪ್ರಿಲ್, ಮೇ ತಿಂಗಳಲ್ಲಿ ಒಟ್ಟಿಗೆ ಬಂದು ಸರ್ವರ್ ಮೇಲೆ ಬೀಳುತ್ತವೆ. ಆಷಾಢದಲ್ಲಿ ಮದುವೆ ಇಲ್ಲ, ಸೆಖೆಯೂ ಇಳಿದಿರುತ್ತದೆ. ಪೆಟ್ಟಿಗೆ ತೆರೆದು ಧೂಳು ಊದಿಸಲು, ಸಡಿಲ ಕೇಬಲ್ ಬದಲಿಸಲು, ಯುಪಿಎಸ್ ಬ್ಯಾಟರಿ ಎಷ್ಟು ನಿಮಿಷ ನಿಲ್ಲುತ್ತದೆ ಎಂದು ಅಳೆಯಲು ಆ ತಿಂಗಳನ್ನು ಮೀಸಲಿಡಿ. ಬ್ಯಾಕಪ್‌ನಿಂದ ಒಂದು ಇಡೀ ಮದುವೆಯ ಫೋಲ್ಡರನ್ನು ಬೇರೆ ಡಿಸ್ಕ್‌ಗೆ ಮರಳಿ ತಂದು, ನಾಲ್ಕಾರು ಫೋಟೊ, ಒಂದು ವಿಡಿಯೊ ತೆರೆದು ನೋಡುವ ಕೆಲಸವನ್ನೂ ಆಗಲೇ ಮುಗಿಸಿಕೊಳ್ಳಿ.